ನೀರಿನ ವರದಿ ಊರಿಗೆ ಗೊತ್ತಿರಲಿ



ನಮ್ಮ ಪಾವಗಡ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೂ ಹೋಗದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಆ ನೀರು ಕುಡಿಯಲು ಯೋಗ್ಯವಲ್ಲ. ಮಕ್ಕಳ ಹಲ್ಲಿಗೆ ಕಂದು ಕಲೆ, ವರ್ಷಗಟ್ಟಲೆ ಕುಡಿದವರಿಗೆ ಬಿಗಿದ ಕೀಲು, ಬಗ್ಗದ ಬೆನ್ನು.

ಊರಿಗೆ ಶುದ್ಧ ನೀರಿನ ಘಟಕ ಬಂದರೆ ಸಾಲದು. ಒಳಗಿನ ಮೆಂಬ್ರೇನ್ ಹಾಳಾದರೆ ಫ್ಲೋರೈಡ್ ಮತ್ತೆ ಬಿಂದಿಗೆಗೇ ಬರುತ್ತದೆ. ಕಳೆದ ಗ್ರಾಮಸಭೆಯಲ್ಲಿ ಸ್ತ್ರೀಶಕ್ತಿ ಸಂಘದ ಅಕ್ಕಂದಿರು ಎದ್ದು ನಿಂತು ಪರೀಕ್ಷೆಯ ವರದಿ ಕೇಳಿದರು. ನೀರಿನ ಪರೀಕ್ಷೆಯಾಯಿತು, ಮೆಂಬ್ರೇನ್ ಬದಲಾಯಿತು.

ಪರೀಕ್ಷಿಸದ ಸಾಫ್ಟ್‌ವೇರನ್ನು ನಮ್ಮ ಕಚೇರಿಯಲ್ಲಿ ಯಾರೂ ಬಳಕೆಗೆ ಬಿಡುವುದಿಲ್ಲ. ನೀರಿಗೂ ಅದೇ ನಿಯಮವಿರಲಿ. ಪ್ರತಿ ವರದಿಯೂ ಘಟಕದ ಗೋಡೆಯ ಮೇಲಿರಲಿ. ಓದು ಬಾರದ ಅಜ್ಜಿಯರಿಗೆ ನೀವು ಓದಿ ಹೇಳಿ.