ಇಂಜಿನಿಗೂ ಉಸಿರು ಬೇಕು



ನಿಮ್ಮಲ್ಲಿ ಲಾರಿ ಓಡಿಸುವವರ, ಗ್ಯಾರೇಜಿನಲ್ಲಿ ದುಡಿಯುವವರ ಮಕ್ಕಳು ಅನೇಕರಿದ್ದೀರಿ. “ಘಾಟಿಯಲ್ಲಿ ಗಾಡಿ ಎಳೆಯುತ್ತಿಲ್ಲ, ಪವರ್ ಹೆಚ್ಚಿಸಿ ಕೊಡಿ” ಎಂಬ ಮಾತು ನಿಮಗೆ ಹೊಸದಲ್ಲ. ಆದರೆ ಆ ಪವರ್ ಬರುವುದಾದರೂ ಎಲ್ಲಿಂದ?

ಡೀಸೆಲ್ ಉರಿಯಲು ಆಮ್ಲಜನಕ ಬೇಕು. ತೂಕದ ಲೆಕ್ಕದಲ್ಲಿ ಗಾಳಿಯಲ್ಲಿ ಅದು ಸುಮಾರು ಶೇ. 23 ಮಾತ್ರ. ಹೆಚ್ಚು ಗಾಳಿ ತುಂಬಿದರೆ ಹೆಚ್ಚು ಡೀಸೆಲ್ ಉರಿಸಬಹುದು. ವ್ಯರ್ಥವಾಗಿ ಹೋಗುವ ಹೊಗೆಯ ರಭಸದಿಂದಲೇ ಚಕ್ರ ತಿರುಗಿಸಿ ಗಾಳಿಯನ್ನು ಒತ್ತಿ ತುಂಬುವ ಉಪಾಯಕ್ಕೆ ಸ್ವಿಸ್ ಇಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದರು. ಅದೇ ಟರ್ಬೊ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಇಂಟರ್‌ಕೂಲರ್ ಅದನ್ನು ತಣಿಸಿದರೆ ಇನ್ನಷ್ಟು ಗಾಳಿ ಹಿಡಿಸುತ್ತದೆ.

ನೈಟ್ರಸ್ ಆಕ್ಸೈಡ್‌ನ ತೂಕದಲ್ಲಿ ಶೇ. 36 ಆಮ್ಲಜನಕ. ಸಿಲಿಂಡರಿನ ಬಿಸಿಗೆ ಅದು ಒಡೆದು ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಕೆಲವೇ ಸೆಕೆಂಡುಗಳ ಪಂದ್ಯಕ್ಕೆ ಅದು ಸರಿ. ದೀರ್ಘ ಏರು ಹತ್ತುವ ಸರಕು ಲಾರಿಗಲ್ಲ.

ಗಾಳಿ ಹೆಚ್ಚಿಸದೆ ಪಂಪ್ ತಿರುಗಿಸಿ ಡೀಸೆಲ್ ಮಾತ್ರ ಹೆಚ್ಚಿಸಿದರೆ ಸಿಗುವುದು ಕಪ್ಪು ಹೊಗೆ. ಮಿತಿಮೀರಿದ ಬಿಸಿಗೆ ಪಿಸ್ಟನ್ನೇ ಕರಗಬಹುದು. ಸಾಲದ ಲಾರಿ ನಿಂತರೆ ಮನೆಯ ಒಲೆಯೂ ನಿಲ್ಲುತ್ತದೆ. ಇನ್ನೊಂದು ಮಾತು: ಪವರ್ ಹೆಚ್ಚಿದರೂ ಬ್ರೇಕು ಹಳೆಯದೇ. ತಯಾರಕರ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿಷೇಧಿಸುತ್ತದೆ.

ಆದ್ದರಿಂದ ಮೊದಲು ಏರ್ ಫಿಲ್ಟರ್ ನೋಡಿ, ಪೈಪಿನ ಸೋರಿಕೆ ನೋಡಿ. ಕೈಕೆಲಸದ ಜೊತೆ ಅದರ ಕಾರಣವನ್ನೂ ಕಲಿಯಿರಿ. ಕಾರಣ ಬಲ್ಲವನ ಕೈಗೆ ಜನ ಗಾಡಿಯನ್ನು ನಂಬಿ ಒಪ್ಪಿಸುತ್ತಾರೆ.