ಅಂಚೆಯಲ್ಲಿ ಬಂದ ಸಂಗೀತ



ನಿಮ್ಮ ಮನೆಯ ಅಟ್ಟದ ಮೇಲೋ, ಹಳೆಯ ಟ್ರಂಕಿನಲ್ಲೋ ಒಂದೆರಡು ಕ್ಯಾಸೆಟ್ಟುಗಳು ಇನ್ನೂ ಉಳಿದಿರಬಹುದು. ಸಿಕ್ಕರೆ ಒಂದನ್ನು ಕೈಗೆತ್ತಿಕೊಂಡು ಅದರ ಹಿಂಬದಿಯ ಅಂಚನ್ನು ನೋಡಿ. ಎರಡು ತುದಿಗಳಲ್ಲಿ ಎರಡು ಪುಟ್ಟ ಚೌಕಗಳು ಕಾಣುತ್ತವೆ. ಅಂಗಡಿಯಿಂದ ತಂದ ಹಾಡಿನ ಕ್ಯಾಸೆಟ್ಟಾದರೆ ಸಾಮಾನ್ಯವಾಗಿ ಅಲ್ಲಿ ಬರಿಯ ತೂತಿರುತ್ತದೆ. ಖಾಲಿ ಕ್ಯಾಸೆಟ್ಟಾದರೆ ತೂತನ್ನು ಮುಚ್ಚಿದ ಪ್ಲಾಸ್ಟಿಕ್ ತುಣುಕಿರುತ್ತದೆ. ತೂತಿದ್ದರೆ ಟೇಪ್ ರೆಕಾರ್ಡರಿನ ಮುದ್ರಣದ ಗುಂಡಿ ಒತ್ತಲು ಬರುವುದಿಲ್ಲ. ಅಂದರೆ ನೀವು ಕೇಳಬಹುದು, ಹೇಳುವಂತಿಲ್ಲ.

ಬಾಲ್ಯದಲ್ಲಿ ನಾನು ಆ ತೂತಿಗೆ ಕಾಗದದ ಉಂಡೆ ತುರುಕಿ, ತಂದೆಯವರ ಭಕ್ತಿಗೀತೆಗಳ ಕ್ಯಾಸೆಟ್ಟಿನ ಮೇಲೆ ನನ್ನದೇ 'ವಾರ್ತೆ' ಓದಿ ಮುದ್ರಿಸಿ, ಚೆನ್ನಾಗಿ ಬೈಸಿಕೊಂಡಿದ್ದೇನೆ. ಕೇಳುವವರು ಹೇಳುವವರಾಗಬೇಕಾದರೆ ಎಷ್ಟು ಸಣ್ಣ ಉಪಾಯ ಸಾಕು ಎಂದು ಅಂದು ತಿಳಿಯಿತು. ನಾನಿಂದು ಹೇಳಹೊರಟಿರುವುದು ಅದೇ ಉಪಾಯವನ್ನು 1980ರ ಸುಮಾರಿಗೆ ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯ, ಜಪಾನುಗಳ ಕೆಲವು ತರುಣರು ಹೇಗೆ ಬಳಸಿಕೊಂಡರು ಎಂಬ ಕಥೆಯನ್ನು.

ಮೊದಲು ಯಂತ್ರದ ವಿಚಾರ. ಕ್ಯಾಸೆಟ್ಟನ್ನು ಫಿಲಿಪ್ಸ್ ಕಂಪೆನಿ 1963ರಲ್ಲಿ ಬರ್ಲಿನ್ ನಗರದ ರೇಡಿಯೋ ಪ್ರದರ್ಶನದಲ್ಲಿ ಮೊದಲು ತೋರಿಸಿತು. ಲೌ ಓಟೆನ್ಸ್ ಎಂಬ ಎಂಜಿನಿಯರ್ ಇದನ್ನು ರೂಪಿಸಿದ ತಂಡದ ಮುಖ್ಯಸ್ಥರು. ಒಳಗಿರುವ ಪಟ್ಟಿಯ ಅಗಲ 4 ಮಿಲಿಮೀಟರಿಗಿಂತಲೂ ಸ್ವಲ್ಪ ಕಡಿಮೆ. ಅದರ ಮೇಲೆ ಕಬ್ಬಿಣದ ಆಕ್ಸೈಡಿನ ನವಿರಾದ ಲೇಪನ. ಪಟ್ಟಿ ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ. ನೀವೇ ಗುಣಿಸಿ ನೋಡಿ: ಅರ್ಧ ಗಂಟೆಗೆ ಸುಮಾರು 86 ಮೀಟರ್. ವಿದ್ಯುತ್ಕಾಂತವೊಂದರ ಮುಂದೆ ಸರಿಯುವಾಗ ಆ ಆಕ್ಸೈಡಿನ ಕಣಗಳು ಧ್ವನಿಯ ಏರಿಳಿತಕ್ಕೆ ತಕ್ಕಂತೆ ಕಾಂತತ್ವ ಪಡೆಯುತ್ತವೆ. ಮತ್ತೆ ಓಡಿಸಿದಾಗ ಅದೇ ಕಾಂತತ್ವ ವಿದ್ಯುತ್ತಾಗಿ, ವಿದ್ಯುತ್ತು ಧ್ವನಿಯಾಗಿ ಮರಳುತ್ತದೆ. ಗ್ರಾಮಫೋನ್ ತಟ್ಟೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ತಟ್ಟೆ ಅಚ್ಚಾಗಲು ಕಾರ್ಖಾನೆ ಬೇಕು, ಅಚ್ಚು ಬೇಕು, ಒಮ್ಮೆಗೇ ನೂರಾರು ಪ್ರತಿಗಳಿಗೆ ಹಣ ಕಟ್ಟಬೇಕು. ಕ್ಯಾಸೆಟ್ಟಿಗೆ ಎರಡು ಟೇಪ್ ರೆಕಾರ್ಡರುಗಳು, ನಡುವೆ ಒಂದು ತಂತಿ ಇದ್ದರೆ ಸಾಕು. ಒಬ್ಬರು ಕೇಳಿದರೆ ಒಂದು ಪ್ರತಿ, ಹತ್ತು ಮಂದಿ ಕೇಳಿದರೆ ಹತ್ತು.

ಇನ್ನು ಸಂಗೀತದ ವಿಚಾರ. 1976-77ರಲ್ಲಿ ಲಂಡನ್ನಿನಲ್ಲಿ ಪಂಕ್ ಎಂಬ ಒರಟು ಸಂಗೀತ ಎದ್ದಿತು. ಹಾಡಲು, ಬಾರಿಸಲು ದೊಡ್ಡ ಪಾಂಡಿತ್ಯ ಬೇಕಿಲ್ಲ ಎಂದು ಅದು ಸಾರಿತು. ಅದರ ಬೆನ್ನಿಗೇ ಬಂದವರು, ಹಾಗಾದರೆ ಗಿಟಾರೇ ಏಕೆ ಬೇಕು ಎಂದು ಕೇಳಿದರು. ಶೆಫೀಲ್ಡ್ ನಗರದ ಕ್ಯಾಬರೆ ವೋಲ್ಟೇರ್ ಎಂಬ ತಂಡದವರು ಟೇಪ್ ರೆಕಾರ್ಡರನ್ನೇ ವಾದ್ಯವಾಗಿ ಬಳಸಿದರು. ಥ್ರಾಬಿಂಗ್ ಗ್ರಿಸಲ್ ಎಂಬ ತಂಡದ ಕ್ರಿಸ್ ಕಾರ್ಟರ್ ತಮ್ಮ ಯಂತ್ರಗಳನ್ನು ತಾವೇ ಕಟ್ಟಿಕೊಂಡರು. ಅವರು ಅದಕ್ಕೆ ಮೊದಲು ಟೆಲಿವಿಷನ್ ಸಂಸ್ಥೆಗಳಲ್ಲಿ ಧ್ವನಿ ತಂತ್ರಜ್ಞರಾಗಿದ್ದವರು ಎಂಬುದು ನನ್ನಂಥವರಿಗೆ ಸಂತೋಷದ ಸಂಗತಿ. ಈ ಬಗೆಯ ಸಂಗೀತವನ್ನೆಲ್ಲ ಒಟ್ಟಾಗಿ ಪೋಸ್ಟ್-ಪಂಕ್, ಪ್ರಾಯೋಗಿಕ ಸಂಗೀತ ಎಂದು ಕರೆಯುತ್ತಾರೆ. ಕಿವಿಗೆ ಇಂಪಲ್ಲ, ಕುಣಿಯಲು ಬಾರದು ಎಂದು ದೊಡ್ಡ ಕಂಪೆನಿಗಳು ಇಂಥ ಬಹಳಷ್ಟು ತಂಡಗಳನ್ನು ಹತ್ತಿರಕ್ಕೂ ಸೇರಿಸಲಿಲ್ಲ. ಆಗ ಅವರ ನೆರವಿಗೆ ಬಂದದ್ದು ಕ್ಯಾಸೆಟ್ಟು.

ಆದರೆ ಒಂದು ಪ್ರಶ್ನೆ ಉಳಿಯಿತು. ಮನೆಯ ಕೋಣೆಯಲ್ಲಿ ಕುಳಿತು ಒಂದು ಕ್ಯಾಸೆಟ್ಟು ಮಾಡಿದ್ದಾಯಿತು. ಅದನ್ನು ಕೇಳುವವರು ಯಾರು? ಹೆಸರೇ ಕೇಳಿರದ ತಂಡದ ಒಂದು ಗಂಟೆಯ ಸದ್ದಿಗೆ ಯಾರು ಹಣ ಕೊಟ್ಟಾರು? ಇದಕ್ಕೆ ಸಿಕ್ಕ ಉತ್ತರವೇ ಸಂಕಲನ. ಒಬ್ಬರು ಸಂಪಾದಕರಾಗಿ ನಿಲ್ಲುವುದು, ಹತ್ತು ಹದಿನೈದು ತಂಡಗಳಿಗೆ ಕಾಗದ ಬರೆಯುವುದು, ಒಬ್ಬೊಬ್ಬರಿಂದ ಒಂದೊಂದು ತುಣುಕು ತರಿಸಿ ಒಂದೇ ಕ್ಯಾಸೆಟ್ಟಿನಲ್ಲಿ ಜೋಡಿಸುವುದು. ಜೆರಾಕ್ಸ್ ಮಾಡಿದ ಹೊದಿಕೆಯಲ್ಲಿ ತಂಡಗಳ ವಿಳಾಸ ಅಚ್ಚು ಮಾಡಿ ಅಂಚೆಗೆ ಹಾಕುವುದು. ಎಷ್ಟೋ ಕಡೆ ಹಣವನ್ನೂ ಕೇಳುತ್ತಿರಲಿಲ್ಲ. ಖಾಲಿ ಕ್ಯಾಸೆಟ್ಟನ್ನೂ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಕಳುಹಿಸಿದರೆ, ಅದು ಸಂಗೀತ ತುಂಬಿಕೊಂಡು ಹಿಂದಿರುಗುತ್ತಿತ್ತು.

ಕೆಲವು ಉದಾಹರಣೆ ಕೊಡುತ್ತೇನೆ. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಬ್ರೂಸ್ ಮಿಲ್ನ್ ಮತ್ತು ಆಂಡ್ರ್ಯೂ ಮೇನ್ 1980ರಲ್ಲಿ 'ಫಾಸ್ಟ್ ಫಾರ್ವರ್ಡ್' ಎಂಬ ಪತ್ರಿಕೆ ತೆಗೆದರು. ಕ್ಯಾಸೆಟ್ಟೇ ಪತ್ರಿಕೆ, ಹಾಡು, ಸಂದರ್ಶನ ಎಲ್ಲವೂ ಅದರಲ್ಲೇ. 1982ರವರೆಗೆ 13 ಸಂಚಿಕೆಗಳು ಬಂದವು. ಅಮೆರಿಕದ ಒಲಿಂಪಿಯಾ ಎಂಬ ಊರಿನಲ್ಲಿ ಬ್ರೂಸ್ ಪ್ಯಾವಿಟ್ ಎಂಬ ಕಾಲೇಜು ವಿದ್ಯಾರ್ಥಿ 1980ರಲ್ಲಿ ಒಂದು ಸಣ್ಣ ಪತ್ರಿಕೆ ಆರಂಭಿಸಿ, ಅದರ 5, 7 ಮತ್ತು 9ನೆಯ ಸಂಚಿಕೆಗಳನ್ನು ಕ್ಯಾಸೆಟ್ಟಾಗಿಯೇ ಹೊರತಂದರು. ನ್ಯೂಯಾರ್ಕ್, ಲಾಸ್ ಏಂಜಲಿಸ್ ಬಿಟ್ಟು ಉಳಿದ ಊರುಗಳಲ್ಲಿ ಏನು ನಡೆಯುತ್ತಿದೆ ಎಂದು ತಿಳಿಸುವುದು ಅವರ ಉದ್ದೇಶ. ಆ ಪತ್ರಿಕೆಯ ಹೆಸರು 'ಸಬ್ ಪಾಪ್'. ಮುಂದೆ ಅದೇ ಹೆಸರಿನ ಸಂಸ್ಥೆ 1988ರಲ್ಲಿ ನಿರ್ವಾಣ ಎಂಬ ತಂಡದ ಮೊದಲ ಧ್ವನಿಮುದ್ರಿಕೆಯನ್ನು ಹೊರತಂದಿತು. ನ್ಯೂಯಾರ್ಕಿನ ರೋಯರ್ ಸಂಸ್ಥೆ ಕ್ಯಾಸೆಟ್ಟನ್ನೇ ನೆಚ್ಚಿಕೊಂಡು ಹೊರಟಿತು. 1982ರ ಅದರ 'ನ್ಯೂಯಾರ್ಕ್ ಥ್ರಾಶ್' ಸಂಕಲನದಲ್ಲಿ ಬೀಸ್ಟೀ ಬಾಯ್ಸ್ ಎಂಬ ಹುಡುಗರ ಹಾಡುಗಳಿದ್ದವು. ಆಗ ಅವರಿಗೆ ಹೆಚ್ಚುಕಡಿಮೆ ನಿಮ್ಮದೇ ವಯಸ್ಸು.

ಸಂಪಾದಕರ ಜಾಣತನಕ್ಕೆ ಇನ್ನೆರಡು ಸಂಕಲನ ನೋಡಿ. 1981ರಲ್ಲಿ ಲಂಡನ್ನಿನ 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' ವಾರಪತ್ರಿಕೆ, ರಫ್ ಟ್ರೇಡ್ ಸಂಸ್ಥೆಯೊಡನೆ ಸೇರಿ 'ಸಿ-81' ಎಂಬ ಕ್ಯಾಸೆಟ್ಟು ಹೊರಡಿಸಿತು. ಪತ್ರಿಕೆಯ ಕೂಪನ್ನು ಕತ್ತರಿಸಿ ಹಣದೊಂದಿಗೆ ಕಳುಹಿಸಿದವರಿಗೆ ಅದು ಅಂಚೆಯಲ್ಲಿ ಬರುತ್ತಿತ್ತು. ಅರವತ್ತರ ದಶಕದಿಂದ ಹೆಸರಾಗಿದ್ದ ರಾಬರ್ಟ್ ವ್ಯಾಟ್ ಅದರಲ್ಲಿ ಹೊಸಬರ ನಡುವೆ ಹಾಡಿದರು. ಮರುವರ್ಷ ಆರಂಭವಾದ 'ಟಚ್' ಎಂಬ ಕ್ಯಾಸೆಟ್ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಪ್ರಸಿದ್ಧವಾದ ನ್ಯೂ ಆರ್ಡರ್ ತಂಡದ ತುಣುಕಿತ್ತು. ನ್ಯೂ ಆರ್ಡರಿಗಾಗಿ ತರಿಸಿಕೊಂಡವರು ಪಕ್ಕದಲ್ಲಿದ್ದ ಅಪರಿಚಿತರನ್ನೂ ಕೇಳಿದರು. ಬೇಡವೆನಿಸಿದರೆ ಮುಂದೆ ಓಡಿಸಬಹುದಿತ್ತು ನಿಜ, ಆದರೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಾದರೂ ಕೇಳಲೇಬೇಕಾಗುತ್ತಿತ್ತು!

ಈ ಕೆಲಸಕ್ಕೆ ವಿರೋಧವೂ ಇತ್ತು. ಮನೆಯಲ್ಲಿ ಟೇಪು ಮಾಡುವುದು ಸಂಗೀತವನ್ನು ಕೊಲ್ಲುತ್ತದೆ ಎಂದು ಬ್ರಿಟನ್ನಿನ ಧ್ವನಿಮುದ್ರಣ ಉದ್ಯಮ 1981ರ ಸುಮಾರಿಗೆ ದೊಡ್ಡ ಪ್ರಚಾರ ಕೈಗೊಂಡಿತು. ತಟ್ಟೆಗಳನ್ನು ನಕಲು ಮಾಡಿದರೆ ಕಲಾವಿದರಿಗೆ ಸಿಗಬೇಕಾದ ಹಣ ತಪ್ಪುತ್ತದೆ ಎಂಬ ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಅದೇ ವರ್ಷ ಅಮೆರಿಕದ ಡೆಡ್ ಕೆನಡೀಸ್ ತಂಡ ತನ್ನ ಕ್ಯಾಸೆಟ್ಟಿನ ಒಂದು ಬದಿಯನ್ನು ಬೇಕೆಂದೇ ಖಾಲಿ ಬಿಟ್ಟು, ಕೇಳುಗರು ಅಲ್ಲಿ ತಮಗೆ ಬೇಕಾದ್ದನ್ನು ಮುದ್ರಿಸಿಕೊಳ್ಳಲಿ ಎಂದು ಅಣಕಿಸಿತು. ಗಮನಿಸಿ: ಎರಡು ಕಡೆಯೂ ಒತ್ತುತ್ತಿದ್ದದ್ದು ಒಂದೇ ಗುಂಡಿಯನ್ನು. ಕಂಪೆನಿಗೆ ಅದು ಕಳವು. ತನ್ನದೇ ಸಂಗೀತವನ್ನು ಹಂಚಲು ಬೇರೆ ದಾರಿಯಿಲ್ಲದವನಿಗೆ ಅದೇ ಪ್ರಕಾಶನ.

ಇದನ್ನು ಹೊಗಳುವಾಗ ಅದರ ಕುಂದನ್ನೂ ಹೇಳಬೇಕು. ಕ್ಯಾಸೆಟ್ಟು ಓಡುವಾಗ ಹಿನ್ನೆಲೆಯಲ್ಲಿ 'ಸ್' ಎಂಬ ಸದ್ದು ಬರುತ್ತದಲ್ಲವೆ? ಪ್ರತಿ ಸಲ ನಕಲು ಮಾಡಿದಾಗಲೂ ಹೊಸ ಪಟ್ಟಿಯ ಸದ್ದು ಹಳೆಯದಕ್ಕೆ ಕೂಡಿಕೊಳ್ಳುತ್ತದೆ. ಮೂಲದಲ್ಲಿ ಅದರ ಶಕ್ತಿ ಒಂದು ಪಾಲಿದ್ದರೆ, ನಕಲಿನಲ್ಲಿ ಸುಮಾರು ಎರಡು ಪಾಲು, ನಕಲಿನ ನಕಲಿನಲ್ಲಿ ಮೂರು ಪಾಲು. ಕೈಯಿಂದ ಕೈಗೆ ದಾಟಿದಷ್ಟೂ ಸಂಗೀತ ಮಬ್ಬಾಗುತ್ತಿತ್ತು. ಹೆಚ್ಚು ಜನಕ್ಕೆ ಪ್ರಿಯವಾದದ್ದೇ ಹೆಚ್ಚು ಸವೆಯುತ್ತಿತ್ತು. ಒಂದೇ ಯಂತ್ರದಲ್ಲಿ ಒಂದೊಂದಾಗಿ ಪ್ರತಿ ತೆಗೆದರೆ, ಒಂದು ಗಂಟೆಯ ಕ್ಯಾಸೆಟ್ಟಿನ ನೂರು ಪ್ರತಿಗೆ ನೂರು ಗಂಟೆ ಬೇಕು. ಆದ್ದರಿಂದಲೇ ಆಯ್ಕೆ ಬಿಗಿಯಾಗಿರುತ್ತಿತ್ತು. ಹಾಗೆ ನೂರು ಗಂಟೆ ಕಾಯಲು ಸಿದ್ಧರಿದ್ದವರು ಸುಮ್ಮಸುಮ್ಮನೆ ಏನನ್ನೂ ಸೇರಿಸುವುದಿಲ್ಲ.

ಇಂದು ನಿಮ್ಮ ಜೇಬಿನಲ್ಲಿರುವ ಫೋನಿನಲ್ಲಿ ಆ ತರುಣರು ಕನಸಿನಲ್ಲೂ ಕಾಣದಷ್ಟು ಸೌಕರ್ಯವಿದೆ. ನಕಲು ಮಾಡಿದರೆ ಗುಣ ಕೆಡಬೇಕಾಗಿಲ್ಲ, ಅಂಚೆಗೆ ಕಾಯಬೇಕಾಗಿಲ್ಲ. ತೂತು ಈಗ ಯಾರಿಗೂ ಅಡ್ಡಿಯಲ್ಲ, ಹೇಳಲು ಎಲ್ಲರಿಗೂ ಅವಕಾಶ ಉಂಟು. ಆದರೆ 1980ರ ಆ ಪ್ರಶ್ನೆ ಇನ್ನೂ ಹಾಗೆಯೇ ಇದೆ: ಕೇಳುವವರು ಯಾರು? ನಮ್ಮ ವೃತ್ತಿಯಲ್ಲಿ ದಿನವೂ ನೋಡುತ್ತೇನೆ, ಹೊಸಬರು ತಮ್ಮ ಹಾಡು, ತಮ್ಮ ಚಿತ್ರ ತಂದು ತೋರಿಸುತ್ತಾರೆ. ಇನ್ನೊಬ್ಬರದನ್ನು ತಂದು 'ಇದು ಚೆನ್ನಾಗಿದೆ, ನೋಡಿ' ಎನ್ನುವವರು ಬಹಳ ಅಪರೂಪ. ಆ ಸಂಕಲನಕಾರರು ಮಾಡಿದ್ದು ಇದನ್ನೇ. ಅವರಲ್ಲಿ ಅನೇಕರು ವಾದ್ಯ ನುಡಿಸಿದವರಲ್ಲ. ಇನ್ನೊಬ್ಬರ ಕೆಲಸಕ್ಕೆ ಕಿವಿಗೊಟ್ಟು, ಆರಿಸಿ, ಮೂರನೆಯವರ ವಿಳಾಸ ಬರೆದವರು.

ಆ ಕ್ಯಾಸೆಟ್ಟುಗಳಲ್ಲಿ ಎಲ್ಲವೂ ಉಳಿದಿಲ್ಲ. ಕೆಲವನ್ನು ಆಸಕ್ತರು ಸಂಖ್ಯಾರೂಪಕ್ಕೆ ತಂದು ಉಳಿಸಿದ್ದಾರೆ. ನ್ಯೂಯಾರ್ಕಿನಲ್ಲಿ 1983ರಿಂದ ಹತ್ತು ವರ್ಷ ನಡೆದ 'ಟೆಲ್ಲಸ್' ಎಂಬ ಕ್ಯಾಸೆಟ್ ಪತ್ರಿಕೆಯ ಸಂಚಿಕೆಗಳನ್ನು ಈಗ ಅಂತರ್ಜಾಲದಲ್ಲಿ ಕೇಳಬಹುದು. ಐವತ್ತೋ ನೂರೋ ಪ್ರತಿ ಮಾತ್ರ ಇದ್ದ ಕ್ಯಾಸೆಟ್ಟುಗಳ ಕಥೆ ಹಾಗಲ್ಲ; ಅಂಥದರ ಕೊನೆಯ ಪಟ್ಟಿ ಬೂಸ್ಟು ಹಿಡಿದರೆ ಸಂಗೀತವೂ ಹೋದಂತೆ.

ಮಿತ್ರರೇ, ನಿಮ್ಮ ಮನೆಯ ಟ್ರಂಕಿನಲ್ಲಿರುವ ಕ್ಯಾಸೆಟ್ಟಿಗೂ ಈ ಮಾತು ಸಲ್ಲುತ್ತದೆ. ಮೇಲೆ ಕೈಬರಹವಿದ್ದರೆ ಅದರ ಪ್ರತಿ ಬೇರೆಲ್ಲೂ ಇರಲಾರದು. ಹಳೆಯ ಟೇಪ್ ರೆಕಾರ್ಡರು ಎಲ್ಲಾದರೂ ಕೆಲಸ ಮಾಡುತ್ತಿದ್ದರೆ, ಮೊದಲು ಬೇಡವಾದ ಕ್ಯಾಸೆಟ್ಟೊಂದನ್ನು ಹಾಕಿ ಅದು ಪಟ್ಟಿಯನ್ನು ಎಳೆದು ಸಿಕ್ಕಿಸುವುದಿಲ್ಲವೆಂದು ನೋಡಿಕೊಳ್ಳಿ. ಆಮೇಲೆ ತಂತಿ ಜೋಡಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಕೇಳಿದ ಮೇಲೆ ಒಬ್ಬರಿಗಾದರೂ ಕೇಳಿಸಿ.