ಮನೆಗೊಂದು ಪುಟ್ಟ ಹವಾಮಾನ ಕೇಂದ್ರ



ಮುಂಗಾರು ಕಾಲಿಟ್ಟಿತೆಂದರೆ ನಮ್ಮ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ನಿಮ್ಮ ಕಡೆ ಎಷ್ಟು ಬಂತು?" ಇದಕ್ಕೆ ಬರುವ ಉತ್ತರವೂ ನಿಮಗೆ ಗೊತ್ತೇ ಇದೆ. ಒಬ್ಬರು "ಒಂದು ಹದ ಆಯ್ತು" ಅಂತಾರೆ, ಇನ್ನೊಬ್ಬರು "ಬರೀ ಧೂಳು ಅಡಗ್ತು" ಅಂತಾರೆ. ಈ ಮಾತುಗಳು ಸುಳ್ಳಲ್ಲ. ಆದರೆ ಬೀಜದ ಚೀಲ ಬಿಚ್ಚುವ ಹೊತ್ತಿಗೆ ಅಂದಾಜೊಂದೇ ಸಾಲದು. ಮೇಲ್ಮಣ್ಣು ನೆನೆದದ್ದನ್ನೇ ಹದವೆಂದು ತಿಳಿದು ಬಿತ್ತಿದರೆ, ಬೀಜ ಮೊಳೆತು ಒಣಗುತ್ತದೆ. ಎರಡನೇ ಸಲ ಬೀಜ, ಎರಡನೇ ಸಲ ಕೂಲಿ, ಎರಡನೇ ಸಲ ಸಾಲ.

ಕೆರೆಯ ಆಚೆ ದಡದಲ್ಲಿ ಹುಯ್ದ ಮಳೆ ಈಚೆ ದಡಕ್ಕೆ ಒಂದು ಹನಿಯನ್ನೂ ಹಾಕದೆ ಹೋಗುವುದುಂಟಷ್ಟೆ? ಕರ್ನಾಟಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾವೇ ಅಳೆದು ಸುದ್ದಿ ಕಳಿಸುವ ಮಳೆಮಾಪಕಗಳನ್ನು ನಿಲ್ಲಿಸಿದ್ದಾರೆ. ಅದು ದೊಡ್ಡ ಅನುಕೂಲ. ಆದರೂ ಪಂಚಾಯಿತಿಯ ಮಾಪಕಕ್ಕೆ ಬಿದ್ದ ಮಳೆ ನಿಮ್ಮ ಹೊಲಕ್ಕೂ ಬಿತ್ತೆಂದು ಹೇಳಲಾಗದು. ಆದ್ದರಿಂದ ಮನೆಯಲ್ಲೇ ಇಟ್ಟುಕೊಳ್ಳಬಹುದಾದ, ತಂತಿಯಿಲ್ಲದ ಹವಾಮಾನ ಉಪಕರಣವನ್ನು ಹೇಗೆ ನಿಲ್ಲಿಸಬೇಕು, ಅದರಿಂದ ಏನು ಪ್ರಯೋಜನ ಎಂಬುದನ್ನು ಈ ದಿನ ನೋಡೋಣ.

ಈ ಉಪಕರಣದಲ್ಲಿ ಎರಡು ಭಾಗ. ಒಂದು ಹೊರಗೆ ನಿಲ್ಲುವಂಥದು, ಇನ್ನೊಂದು ಒಳಗೆ ಕೂರುವಂಥದು. ಹೊರಗಿನದಕ್ಕೆ ಸೆನ್ಸರ್ ಅನ್ನುತ್ತಾರೆ. ಅದು ಶಾಖ, ಗಾಳಿಯ ತೇವ, ಮಳೆ, ಗಾಳಿಯ ವೇಗ, ದಿಕ್ಕು ಇವನ್ನು ಅಳೆಯುತ್ತದೆ. ಒಳಗಿನದು ಗೋಡೆ ಗಡಿಯಾರದಂಥ ಪೆಟ್ಟಿಗೆ, ಅಂಕಿಗಳನ್ನು ತೋರಿಸುತ್ತದೆ. ಹೊರಗಿನದು ನಿಮಿಷಕ್ಕೆ ಒಂದೆರಡು ಸಲ ರೇಡಿಯೋ ಅಲೆಯಲ್ಲಿ ಕೂಗಿ ಹೇಳುತ್ತದೆ, ಒಳಗಿನದು ಕೇಳಿಸಿಕೊಳ್ಳುತ್ತದೆ. ಇಷ್ಟಕ್ಕೆ ಇಂಟರ್ನೆಟ್ ಬೇಕಾಗಿಲ್ಲ. ಕೊಳ್ಳುವಾಗ ಒಂದು ಮಾತು ನೆನಪಿರಲಿ. ಬರೀ ಶಾಖ, ತೇವ ತೋರಿಸುವ ಅಗ್ಗದ ಪೆಟ್ಟಿಗೆಗಳೂ ಉಂಟು. ಬೇಸಾಯಗಾರನಿಗೆ ಮುಖ್ಯವಾಗಿ ಬೇಕಾದ್ದು ಮಳೆಯ ಅಳತೆ. ಅದು ಇದೆಯೋ ಇಲ್ಲವೋ ಕೇಳಿ ತಿಳಿದೇ ಹಣ ಕೊಡಿ.

ಮನೆಗೆ ತಂದ ಕೂಡಲೇ ಕಂಬಕ್ಕೆ ಕಟ್ಟಲು ಹೋಗಬೇಡಿ. ಮೊದಲು ಎರಡನ್ನೂ ಪಡಸಾಲೆಯಲ್ಲಿ ಮೂರು ನಾಲ್ಕು ಮಾರು ದೂರದಲ್ಲಿ ಇಡಿ. ಹೊಸ ಬ್ಯಾಟರಿಗಳನ್ನೇ ಹಾಕಿ; ಹಳೆಯದು ಹೊಸದು ಬೆರೆಸಬೇಡಿ. ಚಾರ್ಜು ಮಾಡುವ ಬ್ಯಾಟರಿಯ ಶಕ್ತಿ 1.2 ವೋಲ್ಟ್, ಸಾಧಾರಣ ಬ್ಯಾಟರಿಯದು 1.5 ವೋಲ್ಟ್, ಆದ್ದರಿಂದ ಚಾರ್ಜಿನದು ಹಲವು ಸೆನ್ಸರ್‌ಗಳಿಗೆ ಸಾಲುವುದಿಲ್ಲ. ಯಾವುದಕ್ಕೆ ಮೊದಲು ಹಾಕಬೇಕೆಂದು ಜೊತೆಗೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ, ಅದರಂತೆಯೇ ಮಾಡಿ. ಬ್ಯಾಟರಿಯ ಮನೆಯೊಳಗೆ 1, 2, 3 ಎಂದು ಚಾನೆಲ್ಲಿನ ಗುಂಡಿ ಇದ್ದರೆ, ಹೊರಗಿನದರಲ್ಲಿ ಇಟ್ಟ ಅಂಕಿಯೇ ಒಳಗಿನದರಲ್ಲೂ ಇರಬೇಕು. ಆಮೇಲೆ ಸ್ವಲ್ಪ ತಾಳ್ಮೆ. ಐದು ಹತ್ತು ನಿಮಿಷ ಗುಂಡಿ ಒತ್ತದೆ ಬಿಟ್ಟರೆ ಅವು ಒಂದನ್ನೊಂದು ಹುಡುಕಿಕೊಳ್ಳುತ್ತವೆ. ಒಂದು ದಿನ ಎರಡನ್ನೂ ಒಟ್ಟಿಗೇ ನೆರಳಲ್ಲಿಟ್ಟು ನೋಡಿ. ಶಾಖದಲ್ಲಿ ಒಂದು ಡಿಗ್ರಿಯ ವ್ಯತ್ಯಾಸ ಬಂದರೆ ಚಿಂತೆಯಿಲ್ಲ.

ಇನ್ನು ಜಾಗದ ಮಾತು. ಬೆಲೆಬಾಳುವ ಉಪಕರಣವನ್ನೂ ಕೆಟ್ಟ ಜಾಗ ಸುಳ್ಳು ಹೇಳಿಸುತ್ತದೆ. ತಗಡಿನ ಸೂರಿನ ಕೆಳಗೆ, ಸಿಮೆಂಟು ಕಣದ ಮೇಲೆ, ಬಿಸಿಲು ಕುಡಿದ ಗೋಡೆಗೆ ಒತ್ತಿ ಸೆನ್ಸರನ್ನು ಇಟ್ಟರೆ ಅದು ಹೇಳುವುದು ತಗಡಿನ ಶಾಖವನ್ನು, ಗಾಳಿಯ ಶಾಖವನ್ನಲ್ಲ. ಸ್ಕಾಟ್ಲೆಂಡಿನ ಥಾಮಸ್ ಸ್ಟೀವನ್‌ಸನ್ ಎಂಬ ಎಂಜಿನಿಯರು 1864ರಲ್ಲಿ ಉಷ್ಣಮಾಪಕಕ್ಕೆ ಬಿಳಿಯ ಬಣ್ಣದ, ಪಟ್ಟಿಪಟ್ಟಿಯ ಮರದ ಗೂಡೊಂದನ್ನು ಯೋಚಿಸಿದರು. ಬಿಸಿಲು, ಮಳೆ ಒಳಗೆ ಬರಬಾರದು. ಗಾಳಿ ಮಾತ್ರ ಆಡಬೇಕು. ಇಂದಿಗೂ ಹವಾಮಾನ ಇಲಾಖೆಯ ಅಂಗಳಗಳಲ್ಲಿ ಅಂಥ ಗೂಡನ್ನು ನೀವು ನೋಡಬಹುದು. ನಿಮ್ಮ ಸೆನ್ಸರ್ ಸುತ್ತ ತಟ್ಟೆಗಳನ್ನು ಜೋಡಿಸಿದಂತೆ ಇರುವ ಬಿಳಿಯ ಕವಚದ ಕೆಲಸವೂ ಅದೇ. ಅದನ್ನು ಹುಲ್ಲು ಅಥವಾ ಬರಿಮಣ್ಣಿನ ಮೇಲೆ, ನೆಲದಿಂದ ಒಂದೂಕಾಲರಿಂದ ಎರಡು ಮೀಟರ್ ಎತ್ತರದಲ್ಲಿ, ಅಂದರೆ ಆಳಿನ ಎದೆಯಿಂದ ತಲೆಯ ಮಟ್ಟದಲ್ಲಿ, ನಿಲ್ಲಿಸಿ.

ಮಳೆಮಾಪಕಕ್ಕೆ ಬಯಲು ಬೇಕು. ಹತ್ತಿರದ ಮರ, ಮನೆ ಎಷ್ಟು ಎತ್ತರವೋ ಕಡೇಪಕ್ಷ ಅದರ ಎರಡರಷ್ಟು ದೂರವಿರಲಿ. ಹತ್ತು ಮೀಟರ್ ತೆಂಗಿನ ಮರವಾದರೆ ಇಪ್ಪತ್ತು ಮೀಟರ್ ಆಚೆ. ಮಾಪಕದೊಳಗೆ ಏತದಂತೆ ಆಡುವ ಎರಡು ಪುಟ್ಟ ಬೋಗುಣಿಗಳಿರುತ್ತವೆ. ಒಂದು ತುಂಬಿದ ಕೂಡಲೇ ವಾಲಿ ಚೆಲ್ಲುತ್ತದೆ, ಇನ್ನೊಂದು ಮೇಲೇಳುತ್ತದೆ. ವಾಲಿದ್ದನ್ನು ಎಣಿಸಿಯೇ ಪೆಟ್ಟಿಗೆ ಮಳೆಯ ಲೆಕ್ಕ ಹೇಳುವುದು. ಕಂಬ ಓರೆಯಾದರೆ ಲೆಕ್ಕವೂ ಓರೆ. ಆದ್ದರಿಂದ ಗಾರೆಯವರ ರಸಮಟ್ಟ ಇಟ್ಟು ನೋಡಿ, ಅಲ್ಲಾಡದಂತೆ ಭದ್ರಮಾಡಿ.

ಮಾಪಕ ಸರಿಯಿದೆಯೇ ಎಂದು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಈ ಲೆಕ್ಕವನ್ನು ಶಾಲೆಗೆ ಹೋಗುವ ಮಕ್ಕಳಿಗೆ ಕೊಡಿ, ಖುಷಿಯಿಂದ ಮಾಡುತ್ತಾರೆ. ಆಲಿಕೆಯ ಬಾಯಿ ಎಷ್ಟು ಚದರ ಸೆಂಟಿಮೀಟರೋ ಅಷ್ಟು ಮಿಲಿಲೀಟರ್ ನೀರು 10 ಮಿಲಿಮೀಟರ್ ಮಳೆಗೆ ಸಮ. ಬಾಯಿಯ ಅಡ್ಡಗಲ 12 ಸೆಂಟಿಮೀಟರ್ ಇದ್ದರೆ ಅದರ ಅರ್ಧ 6. ಆರಾರಲ ಮೂವತ್ತಾರನ್ನು 3.14ರಿಂದ ಗುಣಿಸಿದರೆ 113. ಔಷಧಿಯ ಅಳತೆ ಲೋಟದಿಂದ 113 ಮಿಲಿಲೀಟರ್ ನೀರು ತೆಗೆದುಕೊಂಡು, ಅರ್ಧ ಗಂಟೆಯ ಹೊತ್ತು ತೊಟ್ಟುತೊಟ್ಟಾಗಿ ಬಿಡಿ. ಪೆಟ್ಟಿಗೆ 9ರಿಂದ 11ರೊಳಗೆ ತೋರಿಸಿದರೆ ನಂಬಬಹುದು. ಜಡಿಮಳೆಯಲ್ಲಿ ಈ ಬೋಗುಣಿಗಳು ಸ್ವಲ್ಪ ಕಡಿಮೆ ಹೇಳುವುದುಂಟು; ಅದಕ್ಕೆ ಪಕ್ಕದಲ್ಲೇ ಗೆರೆ ಹಾಕಿದ ಸಾಧಾರಣ ಮಳೆಮಾಪಕವೊಂದನ್ನು ಸಾಕ್ಷಿಗೆ ನಿಲ್ಲಿಸಿದರೆ ಬಹಳ ಒಳ್ಳೆಯದು.

ಗಾಳಿಯ ಬಟ್ಟಲುಗಳು ಬೇರೆಯಾಗಿದ್ದರೆ ಎತ್ತರಕ್ಕೆ ಏರಿಸಿ. ಇಲಾಖೆಯವರು ಅಳೆಯುವುದು 10 ಮೀಟರ್ ಎತ್ತರದಲ್ಲಿ; ಬೆಳೆಯ ಲೆಕ್ಕಕ್ಕೆ 2 ಮೀಟರಾದರೂ ನಡೆಯುತ್ತದೆ. ಮೈಮೇಲೆ ಉತ್ತರವೆಂದು ಗುರುತು ಹಾಕಿರುತ್ತಾರೆ. ಅದನ್ನು ಧ್ರುವ ನಕ್ಷತ್ರದ ಕಡೆಗೆ ಸರಿಮಾಡಿ. ದಿಕ್ಸೂಚಿಯನ್ನು ಕಬ್ಬಿಣದ ಕಂಬಕ್ಕೆ ತಾಕಿಸಿ ನೋಡಬೇಡಿ, ಮುಳ್ಳು ತಪ್ಪುತ್ತದೆ. ಒಂದು ಎಚ್ಚರಿಕೆ: ವಿದ್ಯುತ್ ಕಂಬಕ್ಕೆ ಏನನ್ನೂ ಕಟ್ಟಕೂಡದು, ತಂತಿಯ ಕೆಳಗೆ ಕೊಳವೆ ನಿಲ್ಲಿಸಕೂಡದು, ಗುಡುಗು ಕೇಳಿಸುವಾಗ ಕಂಬದ ಹತ್ತಿರ ಹೋಗಕೂಡದು. ಯಂತ್ರ ಹೋದರೆ ಇನ್ನೊಂದು ಬಂದೀತು.

ರೇಡಿಯೋ ಅಲೆ ಎಷ್ಟು ದೂರ ಹೋಗುತ್ತದೆ? ಡಬ್ಬದ ಮೇಲೆ 100 ಮೀಟರ್ ಎಂದು ಬರೆದಿದ್ದರೆ ಅದು ನಡುವೆ ಏನೂ ಇಲ್ಲದ ಬಯಲಿನ ಲೆಕ್ಕ. ಕಲ್ಲಿನ ದಪ್ಪ ಗೋಡೆ, ತಾರಸಿ ಇವು ಅಲೆಯನ್ನು ಕುಂದಿಸುತ್ತವೆ. ತಗಡಂತೂ ತಡೆದೇ ಬಿಡುತ್ತದೆ. ಕಂಬ ಹೂಳುವ ಮೊದಲೇ ಸೆನ್ಸರನ್ನು ಆ ಜಾಗದಲ್ಲಿ ಒಂದು ದಿನ ಇಟ್ಟು, ಪೆಟ್ಟಿಗೆಗೆ ಸುದ್ದಿ ತಪ್ಪದೆ ಬರುವುದೇ ನೋಡಿ. ಬಾರದಿದ್ದರೆ ಪೆಟ್ಟಿಗೆಯನ್ನು ಆ ಕಡೆಯ ಕಿಟಕಿಯ ಹತ್ತಿರಕ್ಕೆ ತನ್ನಿ. ಫ್ರಿಜ್ಜು, ಟೀವಿಗಳ ಪಕ್ಕ ಬೇಡ.

ಪೆಟ್ಟಿಗೆಯ ಮೇಲೆ ಸೂರ್ಯ, ಮೋಡ, ಮಳೆಯ ಚಿತ್ರ ಬರುತ್ತದಲ್ಲ, "ನಾಳೆ ಮಳೆ ಅಂತ ತೋರಿಸ್ತಿದೆ, ಬಿತ್ತೋಣವೇ?" ಅಂತ ನೀವು ಕೇಳಬಹುದು. ಅದನ್ನು ನಂಬಬೇಡಿ. ಹೆಚ್ಚಿನ ಪೆಟ್ಟಿಗೆಗಳು ಗಾಳಿಯ ಒತ್ತಡದ ಏರಿಳಿತ ನೋಡಿ ಆ ಚಿತ್ರ ಹಾಕುತ್ತವೆ. ತಂಪು ದೇಶಗಳಲ್ಲಿ ಒತ್ತಡ ಇಳಿದರೆ ಮಳೆಗಾಳಿ ಬಂತೆಂದು ಅರ್ಥ. ನಮ್ಮ ಕಡೆ ಮೋಡವಿರಲಿ, ಇಲ್ಲದಿರಲಿ, ಒತ್ತಡವು ಬೆಳಿಗ್ಗೆ ಸುಮಾರು 10 ಗಂಟೆಗೆ ಏರಿ, ಸಂಜೆ ಸುಮಾರು 4 ಗಂಟೆಗೆ ಇಳಿಯುತ್ತದೆ; ರಾತ್ರಿಯೂ ಹಾಗೆಯೇ ಒಮ್ಮೆ ಏರಿ ಇಳಿಯುತ್ತದೆ. ಎತ್ತರದ ಲೆಕ್ಕವೂ ಇದೆ. ಸುಮಾರು 9 ಮೀಟರ್ ಮೇಲೇರಿದರೆ ಒತ್ತಡ ಒಂದು ಅಂಶ ಕಡಿಮೆ. ಮಂಗಳೂರಿನ ಕಡಲ ಮಟ್ಟದಲ್ಲಿ ಸುಮಾರು 1010 ಇದ್ದರೆ ಬೆಂಗಳೂರಿನ ಎತ್ತರದಲ್ಲಿ ಸುಮಾರು 910. ಇದೇನು ಬಿರುಗಾಳಿಯೋ ಎಂದು ಗಾಬರಿಯಾಗಬೇಡಿ. ನಾಳಿನ ಮಳೆಯ ಸುದ್ದಿಗೆ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೇ ಕೇಳಿ. 2019ರಲ್ಲಿ ಬಂದ 'ಮೇಘದೂತ' ಎಂಬ ಮೊಬೈಲ್ ಸೌಲಭ್ಯದಲ್ಲಿ ರೈತರಿಗೆಂದೇ ಸಲಹೆ ಸಿಗುತ್ತದೆ. ನಾಳಿನದನ್ನು ಅವರು ಹೇಳಲಿ. ನಿನ್ನೆಯದನ್ನು, ಇವತ್ತಿನದನ್ನು ನಿಮ್ಮ ಕಂಬ ಹೇಳಲಿ.

ಇಷ್ಟೆಲ್ಲ ಮಾಡಿ ಬರೆದಿಡದಿದ್ದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಒಂದು ನೋಟುಪುಸ್ತಕ ಇಡಿ. ದಿನಾ ಬೆಳಿಗ್ಗೆ ಎಂಟೂವರೆಗೆ ಬರೆಯಿರಿ. ಇಲಾಖೆಯವರ ಮಳೆಯ ದಿನ ಎಂಟೂವರೆಯಿಂದ ಎಂಟೂವರೆಗೆ. ಪೆಟ್ಟಿಗೆಯ 'ಇಂದಿನ ಮಳೆ' ಸಾಮಾನ್ಯವಾಗಿ ನಡುರಾತ್ರಿಯಿಂದ ಶುರುವಾಗುತ್ತದೆ. ಆದ್ದರಿಂದ ಒಟ್ಟು ಮಳೆಯ ಅಂಕಿಯನ್ನು ಬರೆದು, ನಿನ್ನೆಯದನ್ನು ಕಳೆಯಿರಿ. ತಾರೀಖಿನ ಪಕ್ಕದಲ್ಲಿ ರೋಹಿಣಿ, ಮೃಗಶಿರ, ಆರಿದ್ರ ಎಂದು ಮಳೆಯ ಹೆಸರನ್ನೂ ಹಾಕಿ. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಇಂಚು, ಸೆಂಟುಗಳಲ್ಲಿ ಮಳೆಯ ಲೆಕ್ಕ ಬರೆದಿಡುವ ರೂಢಿ ಬಹಳ ಹಿಂದಿನದು. ಒಂದು ಇಂಚು ಎಂದರೆ 25.4 ಮಿಲಿಮೀಟರ್.

"ಇದರಿಂದ ನಮಗೇನು ಬಂತು ಸ್ವಾಮೀ?" ಅಂತೀರಾ? ಕೇಳಿ. ಒಂದು ಗುಂಟೆಗೆ 1 ಮಿಲಿಮೀಟರ್ ಮಳೆ ಎಂದರೆ ಸುಮಾರು 100 ಲೀಟರ್ ನೀರು. ಎಕರೆಗೆ ಸುಮಾರು 4,000 ಲೀಟರ್. 20 ಮಿಲಿಮೀಟರ್ ಬಿದ್ದರೆ ಎಕರೆಗೆ 80,000 ಲೀಟರ್. ನಿಮ್ಮ ಬೋರು ಗಂಟೆಗೆ 5,000 ಲೀಟರ್ ಕೊಡುವುದಾದರೆ ಅದು 16 ಗಂಟೆಯ ಪಂಪು. ಹರಿದು ಹೋದದ್ದನ್ನು ಬಿಟ್ಟರೂ, ಮೋಟರು ಎಷ್ಟು ದಿನ ನಿಲ್ಲಿಸಬಹುದೆಂದು ನೀವೇ ಹೇಳಬಲ್ಲಿರಿ.

ಬಿತ್ತನೆಗೆ ಇನ್ನೂ ದೊಡ್ಡ ಪ್ರಯೋಜನ. ಮಳೆ ನಿಂತ ಮರುದಿನ ಹೊಲದಲ್ಲಿ ನಾಲ್ಕು ಕಡೆ ಗುದ್ದಲಿಯಿಂದ ಬಗೆದು, ತೇವ ಎಷ್ಟು ಬೆರಳು ಇಳಿದಿದೆ ನೋಡಿ, ಮಳೆಯ ಅಂಕಿಯ ಪಕ್ಕ ಬರೆಯಿರಿ. ಎರಡು ಮೂರು ಮಳೆಗಾಲ ಹೀಗೆ ಬರೆದರೆ, ನಿಮ್ಮ ಕೆಂಪು ಮಣ್ಣಿಗೋ ಎರೆಭೂಮಿಗೋ ಎಷ್ಟು ಮಳೆ ಬಂದರೆ ಬಿತ್ತನೆಯ ಹದ ಎಂಬುದು ನಿಮ್ಮ ಪುಸ್ತಕದಲ್ಲೇ ಸಿಗುತ್ತದೆ.

ಔಷಧಿ ಹೊಡೆಯುವಾಗಲೂ ಹಾಗೆಯೇ. ಗಾಳಿಯ ಬಟ್ಟಲು ಗಂಟೆಗೆ 15 ಕಿಲೋಮೀಟರ್ ದಾಟಿ ತೋರಿಸಿದರೆ ಸಿಂಪರಣೆ ನಿಲ್ಲಿಸಿ. ಔಷಧಿ ಬೆಳೆಗೆ ಬೀಳದೆ ಪಕ್ಕದವರ ಹೊಲಕ್ಕೂ ನಿಮ್ಮ ಮುಖಕ್ಕೂ ಹೋಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಮಳೆಗಾಲಕ್ಕೆ ಮುಂಚೆ ಶೇಕಡ 1ರ ಬೋರ್ಡೋ ದ್ರಾವಣ, ಆಮೇಲೆ 40-45 ದಿನಕ್ಕೆ ಇನ್ನೊಮ್ಮೆ ಎಂಬುದು ನಿಮಗೆ ಗೊತ್ತಿದ್ದದ್ದೇ. ಹೊಡೆದ ದಿನ, ಆಮೇಲೆ ಸುರಿದ ಮಳೆ, ಎರಡೂ ಪುಸ್ತಕದಲ್ಲಿದ್ದರೆ ಮುಂದಿನ ಸುತ್ತಿನ ಬಗ್ಗೆ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಲು ಆಧಾರವಾಗುತ್ತದೆ. ಹಾಸನದ ಕಡೆಯ ಆಲೂಗೆಡ್ಡೆಗೆ ಅಂಗಮಾರಿ ಬರುವುದು ಮೋಡ ಕವಿದು, ತಂಪಾಗಿ, ಗಾಳಿಯಲ್ಲಿ ತೇವ ತುಂಬಿದ ದಿನಗಳಲ್ಲಿ. ತೇವದ ಅಂಕಿ ದಿನಗಟ್ಟಲೆ 90ರ ಮೇಲೆ ನಿಂತರೆ ಸಾಲುಗಳಲ್ಲಿ ನಡೆದು ಎಲೆ ತಿರುವಿ ನೋಡಿ. ಬೆಳೆ ವಿಮೆಗೆ ಮಾತ್ರ ನಿಮ್ಮ ಕಂಬದ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಸರ್ಕಾರ ಗೊತ್ತುಮಾಡಿದ ಮಾಪಕದ ಮಾತೇ ಮಾತು. ಇದನ್ನು ಮೊದಲೇ ತಿಳಿದಿರುವುದು ಲೇಸು.

ಕೊನೆಯದಾಗಿ ಪಾಲನೆ. ಆಲಿಕೆಯಲ್ಲಿ ತರಗೆಲೆ, ಹಕ್ಕಿಯ ಹಿಕ್ಕೆ ಸೇರುತ್ತವೆ. ಕವಚದೊಳಗೆ ಜೇಡ ಬಲೆ ಕಟ್ಟುತ್ತದೆ, ಕಣಜ ಮಣ್ಣಿನ ಗೂಡು ಮಾಡುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ ಒದ್ದೆ ಬಟ್ಟೆಯಿಂದ ಒರಸಿ. ಜೋರು ಮಳೆಯಲ್ಲೂ ಪೆಟ್ಟಿಗೆ ಸೊನ್ನೆ ತೋರಿಸಿದರೆ ನೂರಕ್ಕೆ ತೊಂಬತ್ತು ಪಾಲು ಕಸವೇ ಕಾರಣವೆಂದು ತಿಳಿದು ಅದನ್ನೇ ಮೊದಲು ನೋಡಿ. ವರ್ಷಕ್ಕೊಮ್ಮೆ, ಭರಣಿ ಮಳೆಗೆ ಮುಂಚೆ, ಬ್ಯಾಟರಿ ಬದಲಿಸಿ, ನೀರಿನ ಪರೀಕ್ಷೆಯನ್ನು ಮತ್ತೆ ಮಾಡಿ.

ಒಬ್ಬರಿಗೇ ಕೊಳ್ಳುವುದು ಭಾರವಾದರೆ ಅಕ್ಕಪಕ್ಕದ ನಾಲ್ಕು ಮನೆಯವರು ಕೂಡಿ ಕೊಳ್ಳಿ. ಅದೂ ಆಗದಿದ್ದರೆ ಗೆರೆ ಹಾಕಿದ ಸಾಧಾರಣ ಮಳೆಮಾಪಕ ಒಂದು ಸಾಕು. ಆಗ "ಎಷ್ಟು ಬಂತು?" ಎಂದು ಕೇಳಿದವರಿಗೆ ನೀವು ಅಂಕಿ ಹೇಳುತ್ತೀರಿ, ಬೀಜದ ಚೀಲವನ್ನು ಲೆಕ್ಕ ನೋಡಿ ಬಿಚ್ಚುತ್ತೀರಿ. ಮುಂಗಾರು ನಿಮಗೆಲ್ಲ ಒಳ್ಳೆಯದು ಮಾಡಲಿ.